ದೂರುಗಳಿದ್ದಲ್ಲಿ ಚಲುವಯ್ಯ

ನಮ್ಮ ಪಟ್ಟಣದ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯಿಂದ ನಮ್ಮ ಮನೆಯ ನಲ್ಲಿಗೆ ನೀರು ಬರುವುದಿಲ್ಲ. ಕಿಕ್ಕೇರಿಯಿಂದ ನಾಗಮಂಗಲದ ಕಡೆ ಹೊರಟ ಬಸ್ಸಿನ ಡ್ರೈವರು ಕಾಫಿಗೆಂದು ಇಳಿಯುವ ಊರು ಎಂದರೆ ಸಾಕು. ಊರಿಗೊಂದು ಪುರಸಭೆ ಇದೆ. ಪುರಸಭೆಗೆ ಏಳು ಶಾಖೆಗಳಿವೆ, ಅಂಗಳದಲ್ಲಿ ಒಂದು ಹೊಂಗೆ ಮರವಿದೆ. ಜನರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತಿದ್ದದ್ದು ಹೊಂಗೆ ಮರ.

ಚಲುವಯ್ಯನವರು ಪುರಸಭೆಯವರಲ್ಲ. ಮೂವತ್ತೊಂದು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಸಂಚಾರ ನಿಯಂತ್ರಕರಾಗಿದ್ದು ನಿವೃತ್ತರಾದವರು. ಊರಿನವರ ಬಾಯಲ್ಲಿ 'ಕಂಟ್ರೋಲರ್ರು'. ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ಮೈಕಿನಲ್ಲಿ ಕೂಗುವುದು, ತಡವಾಗಿ ಬಂದ ಡ್ರೈವರನ್ನು 'ಯಾಕೆ ಲೇಟು?' ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುವುದು, ಇವೆರಡೇ ಅವರ ಕೆಲಸ. ಎರಡನ್ನೂ ಅವರು ಶ್ರದ್ಧೆಯಿಂದ ಮಾಡಿದರು. ಅದರ ಫಲವಾಗಿ ಅವರಿಗೆ ಸಣ್ಣ ದನಿಯಲ್ಲಿ ಮಾತಾಡುವುದೇ ಮರೆತುಹೋಗಿತ್ತು. ಊಟಕ್ಕೆ ಕೂತು ಉಪ್ಪು ಕೇಳಿದರೆ ಎದುರು ಮನೆಯ ಪುಟ್ಟತಾಯಮ್ಮ, 'ಉಪ್ಪು ಕೊಡವ್ವ ಕುಳ್ಳಮ್ಮ, ಕೇಳ್ತಾವ್ರೆ' ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಕುಳ್ಳಮ್ಮ ಎಂದರೆ ಚಲುವಯ್ಯನವರ ಹೆಂಡತಿ.

ಹೋದ ವರ್ಷ ಪುರಸಭೆಗೆ ಹೊಸ ಕಸದ ಆಟೋಗಳು ಬಂದವು. ಆಟೋ ಬಂದ ಮೇಲೆ ಅದರ ನೆತ್ತಿಯ ಮೇಲೆ ಒಂದು ಸ್ಪೀಕರು, ಸ್ಪೀಕರಿಗೊಂದು ದನಿ ಬೇಕಲ್ಲ. ಮುಖ್ಯಾಧಿಕಾರಿ ಪ್ರಮೀಳಾ ಮೇಡಂ ಮೈಕ್‌ಸೆಟ್ ಅಂಗಡಿಯ ಅಪ್ಪುವಿಗೆ ಹೇಳಿದರು. ಅಪ್ಪು ಕಂಟ್ರೋಲರ ಮನೆಗೆ ಬಂದ. ಚಲುವಯ್ಯನವರು ಒಲ್ಲೆ ಎನ್ನುತ್ತಲೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ದನಿ ಕೊಡಲು ಇಸ್ತ್ರಿ ಅಂಗಿ ಯಾಕೆಂದು ಕುಳ್ಳಮ್ಮ ಕೇಳಿದರು. ಅಷ್ಟರಲ್ಲಿ ಅವರು ಬೀದಿಯ ಬಾಯಿ ದಾಟಿದ್ದರು.

ಓದಬೇಕಾದ ಕಾಗದ ಇಷ್ಟೇ ಇತ್ತು: 'ಮಹಾಜನರ ಗಮನಕ್ಕೆ. ಹಸಿ ಕಸ, ಒಣ ಕಸ ಬೇರೆ ಬೇರೆ ಮಾಡಿ ಕೊಡಿ. ಕುಡಿಯುವ ನೀರು, ಬೀದಿ ದೀಪ, ಚರಂಡಿ, ಖಾತೆ, ಜನನ ಮರಣ, ಯಾವುದೇ ದೂರುಗಳಿದ್ದಲ್ಲಿ ಸಂಪರ್ಕಿಸಿ.' ಅಲ್ಲಿಂದ ಮುಂದೆ ಹತ್ತು ಚುಕ್ಕೆಗಳಿದ್ದವು.

'ಇದೇನ್ಲಾ ಅಪ್ಪು, ಚುಕ್ಕೆ?'

'ಫೋನ್ ನಂಬರ್ರು ಕಣಣ್ಣ. ಇನ್ನೂ ಆಫೀಸಲ್ಲಿ ಫಿಕ್ಸ್ ಆಗಿಲ್ವಂತೆ. ನೀನು ಅಲ್ಲಿಗಂಟ ಓದ್ಬುಡು ಸಾಕು.'

ಚಲುವಯ್ಯನವರು ಅಲ್ಲಿಯವರೆಗೆ ಓದಿದರು. ಓದಿದ ಮೇಲೆ, ಇಷ್ಟು ಚೆನ್ನಾಗಿ ಓದಿದವನು ಯಾರೆಂದು ಊರಿಗೆ ತಿಳಿಯಬೇಡವೇ ಅನ್ನಿಸಿತು. ತಿಳಿಯಬೇಕಾದದ್ದೇ. ಆದ್ದರಿಂದ ಉಸಿರು ಕೂಡ ಬಿಡದೆ, 'ಚಲುವಯ್ಯ, ನಿವೃತ್ತ ಸಂಚಾರ ನಿಯಂತ್ರಕರು, ಮಾರಮ್ಮನ ಗುಡಿ ಹಿಂಭಾಗ' ಎಂದು ಸೇರಿಸಿದರು. ಅಪ್ಪು ಆಗ ಇನ್ನೊಂದು ಗಿರಾಕಿಯ ಹತ್ತಿರ ಫೋನಿನಲ್ಲಿದ್ದ.

ಪುರಸಭೆಯಲ್ಲಿ ಅದನ್ನು ಹಾಕಿ ಕೇಳಿದರು. 'ಹಸಿ ಕಸ, ಒಣ ಕಸ' ಎಂಬಲ್ಲಿಗೆ ಬರುವಷ್ಟರಲ್ಲಿ ಎಲ್ಲರೂ ಚೆನ್ನಾಗಿದೆ ಎಂದು ತಲೆಯಾಡಿಸಿ ಎದ್ದುಹೋದರು. ಪ್ರಕಟಣೆಯನ್ನು ಕೊನೆಯವರೆಗೆ ಕೇಳುವ ಅಭ್ಯಾಸ ಕಚೇರಿಯವರಿಗಿಲ್ಲ, ಜನರಿಗಿದೆ.

ಮಾರನೆಯ ದಿನ ಬೆಳಿಗ್ಗೆ ಆರೂವರೆಗೆ ಆಟೋ ಬೀದಿಗಿಳಿಯಿತು. 'ಯಾವುದೇ ದೂರುಗಳಿದ್ದಲ್ಲಿ ಸಂಪರ್ಕಿಸಿ, ಚಲುವಯ್ಯ, ಮಾರಮ್ಮನ ಗುಡಿ ಹಿಂಭಾಗ' ಎಂದು ಊರೆಲ್ಲ ಕೇಳಿಸಿಕೊಂಡಿತು. ಎಂಟು ಗಂಟೆಗೆ ಕೋಟೆ ಬೀದಿಯ ಹೊನ್ನಪ್ಪ ಜಗಲಿಯ ಮೇಲೆ ಕೂತಿದ್ದ.

'ಕಂಟ್ರೋಲರೇ, ಆರು ದಿನ ಆಯ್ತು ನೀರಿಲ್ಲ.'

'ಅದಕ್ಕೆ ನನ್ನ ಯಾಕಪ್ಪ ಕೇಳ್ತೀಯ?'

'ನೀವೇ ಅಲ್ವಾ ಸಂಪರ್ಕಿಸಿ ಅಂದೋರು? ಬೀದಿ ಬೀದಿ ಕೂಗ್ಕೊಂಡು ಬಂದು ಈಗ ಯಾಕೆ ಅಂದ್ರೆ ಎಂಗೆ?'

ತಾನು ದನಿ ಮಾತ್ರ ಕೊಟ್ಟವನು, ನೀರು ಕೊಡುವವನಲ್ಲ ಎಂದು ಆಗಲೇ ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ನಿವೃತ್ತಿಯಾದ ಎರಡು ವರ್ಷದಲ್ಲಿ, ಅಪ್ಪುವನ್ನು ಬಿಟ್ಟರೆ, ಚಲುವಯ್ಯನವರನ್ನು ಹುಡುಕಿಕೊಂಡು ಮನೆಗೆ ಬಂದ ಮೊದಲ ಮನುಷ್ಯ ಹೊನ್ನಪ್ಪ. ಅವರು ಒಳಗೆ ಹೋಗಿ ಹಳೆಯ ಪುಸ್ತಕ ತಂದರು. ಬಸ್‌ಸ್ಟ್ಯಾಂಡಿನಲ್ಲಿ ಬಳಸಿ ಅರ್ಧ ಉಳಿದಿದ್ದ ಪುಸ್ತಕ. ಬಂದ ಸಮಯ, ಹೊರಟ ಸಮಯ, ಮಾರ್ಗ, ತಡವಾದ ಕಾರಣ, ಸಹಿ ಎಂದು ಐದು ಕಲಂ. 'ಬಂದ ಸಮಯ 8.05. ಮಾರ್ಗ: ನೀರು ಸರಬರಾಜು ಶಾಖೆ' ಎಂದು ಬರೆದರು. ಕುಳ್ಳಮ್ಮ ಹೊನ್ನಪ್ಪನಿಗೆ ಕಾಫಿ ಕೊಟ್ಟರು. ಕುಳ್ಳಮ್ಮ ದೂರು ಕೊಡಲು ಬಂದವರಿಗೆ ಕಾಫಿ ಕೊಟ್ಟದ್ದು ಅದೇ ಮೊದಲು, ಅದೇ ಕೊನೆ.

ಪುಸ್ತಕ ಹಿಡಿದು ಚಲುವಯ್ಯನವರು ನೀರು ಶಾಖೆಗೆ ಹೋದರು. ಮೇಜಿನ ಮೇಲೆ ಪುಸ್ತಕ ಬಿಚ್ಚಿಟ್ಟು ಬಸ್‌ಸ್ಟ್ಯಾಂಡಿನ ದನಿಯಲ್ಲಿ, 'ಯಾಕೆ ಲೇಟು?' ಎಂದರು.

ನೀರು ಶಾಖೆಯ ಗುಮಾಸ್ತರು ಇಪ್ಪತ್ತು ವರ್ಷದಿಂದ ಎದುರಿಗೆ ಯಾವ ಪುಸ್ತಕ ಬಿಚ್ಚಿಟ್ಟರೂ ಸಹಿ ಮಾಡುತ್ತ ಬಂದವರು. 'ತಡವಾದ ಕಾರಣ' ಎಂದಿದ್ದ ಕಡೆ 'ಮೋಟಾರ್ ಸುಟ್ಟಿದೆ' ಎಂದು ಬರೆದು ಸಹಿ ಹಾಕಿದರು. ಚಲುವಯ್ಯನವರು ಪುಸ್ತಕ ಮುಚ್ಚಿ ಹೊರಟರು. ಅವರು ಗೇಟು ದಾಟಿದ ಮೇಲೆ ಗುಮಾಸ್ತರಿಗೆ ಯೋಚನೆ ಹತ್ತಿತು. ಮೋಟಾರು ಸುಟ್ಟಿದೆ ಎಂದು ತಾನೇ ಬರೆದುಕೊಟ್ಟ ಮೇಲೆ, ಸುಟ್ಟ ಮೋಟಾರನ್ನು ಯಾಕೆ ರಿಪೇರಿ ಮಾಡಿಸಲಿಲ್ಲ ಎಂದು ನಾಳೆ ಇನ್ನೊಬ್ಬರು ಕೇಳಬಹುದು. ಸಂಜೆಯೊಳಗೆ ಮೋಟಾರು ರಿಪೇರಿಯಾಯಿತು. ಕೋಟೆ ಬೀದಿಯಲ್ಲಿ ನೀರು ಬಂತು.

ಹೊನ್ನಪ್ಪ ಸುಮ್ಮನಿರುವ ಆಸಾಮಿಯಲ್ಲ. ಮೂರೇ ದಿನದಲ್ಲಿ ಜಗಲಿ ಸಾಲದೆ ಹೋಯಿತು. ಹಗಲೆಲ್ಲ ಉರಿದು ಸಂಜೆಗೆ ಆರುವ ಬೀದಿ ದೀಪದವರು ಬಂದರು. ಬದುಕಿರುವಾಗಲೇ ಮರಣ ಪತ್ರದಲ್ಲಿ ಹೆಸರು ಬಂದವರು ಬಂದು, ತಾವು ಬದುಕಿರುವುದಕ್ಕೆ ಸಾಕ್ಷಿಯಾಗಿ ಮಗನನ್ನೂ ಕರೆತಂದರು. ಇ-ಖಾತೆಯಲ್ಲಿ ತಮ್ಮ ಮನೆ ಕೆರೆಯೊಳಗೆ ಬಿದ್ದಿದೆ ಎಂದು ಒಬ್ಬರು ಅತ್ತರು. ಚಲುವಯ್ಯನವರು ಎಲ್ಲರಿಗೂ ಸಮಯ ಹಾಕಿ, ಮಾರ್ಗ ಹಾಕಿ, ಶಾಖೆಯಿಂದ ಶಾಖೆಗೆ ತಿರುಗಿ 'ಯಾಕೆ ಲೇಟು?' ಎಂದು ಕೇಳಿ ಸಹಿ ತಂದರು. ಇಂಜಿನಿಯರ್ ಶಾಖೆಯವರು ಅವರನ್ನು ಕಂಡರೆ ಹಿಂಬಾಗಿಲಿಂದ ಟೀಗೆ ಹೋಗತೊಡಗಿದರು. ಹಿಂಬಾಗಿಲ ದಾರಿಯಲ್ಲಿ ಚರಂಡಿ ಒಡೆದಿತ್ತು. ತಾವೇ ಎರಡು ಸಲ ಅದರಲ್ಲಿ ಕಾಲಿಟ್ಟ ಮೇಲೆ ಆ ಚರಂಡಿಯೂ ರಿಪೇರಿಯಾಯಿತು.

ಇಷ್ಟೆಲ್ಲ ಒಳ್ಳೆಯದಾಗುವಾಗ ಒಂದು ಕೆಟ್ಟದ್ದೂ ಆಗುತ್ತಿತ್ತು. ಬೆಳಿಗ್ಗೆ ಕಸದ ಆಟೋ ತಪ್ಪಿಸಿಕೊಂಡವರು, ಹೇಗೂ ದೂರು ಕೊಡಲು ಹೋಗುತ್ತೇವಲ್ಲ ಎಂದು ಕಸದ ಚೀಲವನ್ನೂ ಜೊತೆಗೆ ತರುತ್ತಿದ್ದರು. ಕಸ ಕೊಡಿ ಎಂದು ಕೂಗಿದ್ದೂ ಅದೇ ಚಲುವಯ್ಯ ತಾನೇ? ಮನೆಯ ಮುಂದೆ ಇಡುವುದು ಮರ್ಯಾದೆಯಲ್ಲವೆಂದು ಬೀದಿಯ ಬಾಯಲ್ಲಿ ಇಟ್ಟು ಬರುತ್ತಿದ್ದರು. ಕುಳ್ಳಮ್ಮ ಮೊದಲ ವಾರವೇ ಹೇಳಿದರು, ಎರಡನೆಯ ವಾರವೂ ಹೇಳಿದರು. ಚಲುವಯ್ಯನವರು 'ಹೂಂ' ಎಂದರು. ಪುಸ್ತಕದಲ್ಲಿ ಬರೆಯಲಿಲ್ಲ. ಅಡುಗೆಮನೆಯಿಂದ ಬಂದ ದೂರಿಗೆ ಕಲಂ ಇರಲಿಲ್ಲ.

ಎರಡು ತಿಂಗಳು ಹೀಗೇ ಕಳೆದ ಮೇಲೆ ಬಿಂಡಿಗನವಿಲೆಯಿಂದ ಮಂಗಳಮ್ಮ ಬಂದರು.

ಮಂಗಳಮ್ಮ ಎಂದರೆ ಚಲುವಯ್ಯನವರ ಬೀಗಿತ್ತಿ, ಮಗಳು ಧನುಶ್ರೀಯ ಅತ್ತೆ. ಧನುಶ್ರೀಗೆ ಏಳು ತಿಂಗಳು. ಸೀಮಂತ ಮುಗಿದಿತ್ತು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು, ಅದು ಎರಡೂ ಕಡೆಯವರಿಗೆ ಗೊತ್ತಿದ್ದ ಮಾತು. ಕುಳ್ಳಮ್ಮ ಹಳೆಯ ಸೀರೆಗಳನ್ನು ಒಗೆದು ಮಡಿಸಿ, ತೊಟ್ಟಿಲಿಗೆ ಬಣ್ಣ ಹೊಡೆಸಿ, ಬೆಳ್ಳುಳ್ಳಿ, ಮೆಣಸು ಬಿಸಿಲಿಗೆ ಹಾಕಿ ಕಾಯುತ್ತಿದ್ದರು. ಮಂಗಳಮ್ಮ ಮನೆ ನೋಡಿಕೊಂಡು ಹೋಗಲು ಬಂದವರು. ಮನೆಯವರೆಗೆ ಬರಲೇ ಇಲ್ಲ. ಬೀದಿಯ ಬಾಯಲ್ಲಿ ಎದೆಮಟ್ಟ ಕಸ, ಅದರ ಮೇಲೆ ಎರಡು ನಾಯಿ, ಸುತ್ತ ಸೊಳ್ಳೆ. ಸೆರಗು ಮೂಗಿಗೆ ಹಿಡಿದು ಅಲ್ಲೇ ನಿಂತರು. ಕುಳ್ಳಮ್ಮ ಓಡಿಹೋದರು.

'ಅಕ್ಕ, ಒಳೀಕೆ ಬನ್ನಿ.'

'ಇನ್ನೇನು ಒಳೀಕೆ ಬರದು ಕಣವ್ವ. ಹಸುಗೂಸು ತಂದು ಇಲ್ಲಿ ಮಲಗಿಸ್ತೀರ? ಮುಂದಿನ ಬುದವಾರ ಬತ್ತೀನಿ. ಇದು ಇಂಗೇ ಇದ್ರೆ ನನ್ನ ಸೊಸೇನ ಕಳ್ಸಕಿಲ್ಲ. ಬಾಣಂತನ ನಮ್ಮ ಮನೇಲೇ ಆಯ್ತದೆ. ಬೇಜಾರು ಮಾಡ್ಕಬ್ಯಾಡಿ.'

ಬಂದ ಬಸ್ಸಿನಲ್ಲೇ ವಾಪಸು ಹೋದರು. ಕುಳ್ಳಮ್ಮ ಅಂದು ಅಳಲಿಲ್ಲ, ಗಂಡನೊಡನೆ ಜಗಳವನ್ನೂ ಆಡಲಿಲ್ಲ. ಮಾರನೆಯ ಬೆಳಿಗ್ಗೆ ತಲೆ ಬಾಚಿ, ಹಿತ್ತಲ ಬಾಗಿಲಿಂದ ಹೊರಗೆ ಹೋಗಿ, ಬೀದಿಯಿಂದ ಸುತ್ತಿ ಬಂದು ಜಗಲಿಯ ಮುಂದೆ ಸಾಲಿನಲ್ಲಿ ನಿಂತರು. ಮುಂದೆ ಹನ್ನೊಂದು ಜನ ಇದ್ದರು. ಬಿಸಿಲಿನಲ್ಲಿ ಮುಕ್ಕಾಲು ಗಂಟೆ ನಿಂತ ಮೇಲೆ ಸರದಿ ಬಂತು.

'ಹೆಸರು?' ಚಲುವಯ್ಯನವರು ತಲೆ ಎತ್ತಲಿಲ್ಲ.

'ಕುಳ್ಳಮ್ಮ.'

'ಮನೆ?'

'ಮಾರಮ್ಮನ ಗುಡಿ ಹಿಂದೆ.'

'ದೂರು ಏನವ್ವ?'

'ಬೀದಿ ಬಾಯಲ್ಲಿ ಕಸ ಅದೆ. ನನ್ನ ಮಗಳು ಬಾಣಂತನಕ್ಕೆ ಬರಂಗಿಲ್ಲ.'

ಆಗ ಚಲುವಯ್ಯನವರು ತಲೆ ಎತ್ತಿದರು. ಹೆಂಡತಿಯ ಕಣ್ಣು ತುಂಬಿತ್ತು. ಸಾಲಿನಲ್ಲಿದ್ದವರೆಲ್ಲ ಬೇರೆ ಕಡೆ ನೋಡಿದರು. ಪುಟ್ಟತಾಯಮ್ಮ ಮಾತ್ರ ಎದುರು ಮನೆಯಿಂದ, 'ಬರ್ಕೊಳಿ, ಬರ್ಕೊಳಿ, ಇವತ್ತಾದ್ರೂ ಬರ್ಕೊಳಿ' ಎಂದರು. ಅವರು ಬರೆದುಕೊಂಡರು. ದೂರು ನಂಬರ್ ಮುನ್ನೂರ ಅರವತ್ತಮೂರು.

ಅಂದು ಬೇರೆಯವರ ಕೆಲಸವನ್ನೆಲ್ಲ ಬದಿಗಿಟ್ಟು ನೇರವಾಗಿ ಆರೋಗ್ಯ ಶಾಖೆಗೆ ಹೋದರು. ಆರೋಗ್ಯ ನಿರೀಕ್ಷಕ ಶಿವಶಂಕರನ ಮೇಜಿನ ಮೇಲೆ ಪುಸ್ತಕ ಬಿಚ್ಚಿಟ್ಟು, 'ಯಾಕೆ ಲೇಟು?' ಎಂದರು.

ಶಿವಶಂಕರ್ ಓದಿದ. ಪೆನ್ನು ತೆಗೆದ. ಬೇರೆಯವರಂತೆ ಎರಡು ಪದ ಗೀಚಲಿಲ್ಲ, ಕಲಂ ಮೀರಿ ಪಕ್ಕದ ಪುಟದವರೆಗೂ ಬರೆದ. ಬರೆದು, ಪುಸ್ತಕವನ್ನು ತಿರುಗಿಸಿ ಅವರ ಮುಂದಿಟ್ಟ.

'ಕಸದ ಆಟೋ ದಿನವೂ 6.40ಕ್ಕೆ ಸದರಿ ಬೀದಿಯ ಬಾಯಿಗೆ ಹಾಜರು. ದೂರು ಕೊಡಲು ನಸುಕಿಗೇ ಬಂದವರ ಬೈಕು, ಟ್ರಾಕ್ಟರು, ಎರಡು ಎಮ್ಮೆ ಕಸದ ಸುತ್ತ ಅಡ್ಡ ಇರುವುದರಿಂದ ಪ್ರವೇಶವಿಲ್ಲ. ಕಸ ಸದರಿ ಬೀದಿಯವರದಲ್ಲ, ದೂರು ಕೊಡುವವರದು. ತಡವಾದ ಕಾರಣ: ಚಲುವಯ್ಯ.'

'ಸಹಿ ನೀವೇ ಮಾಡ್ಬೇಕು ಚಲುವಯ್ಯನೋರೆ' ಎಂದ ಶಿವಶಂಕರ್, ಪೆನ್ನು ಚಾಚಿ.

ಮೂವತ್ತೊಂದು ವರ್ಷದಲ್ಲಿ ಆ ಕಲಮಿನಲ್ಲಿ ಚಲುವಯ್ಯನವರು ಸಹಿ ಮಾಡಿದ್ದಿಲ್ಲ. ಅಂದು ಮಾಡಿದರು.

ಅಲ್ಲಿಂದ ಎದ್ದು ಪ್ರಮೀಳಾ ಮೇಡಂ ಕೋಣೆಗೆ ಹೋದರು. ತಮ್ಮ ಹೆಸರು, ಗುಡಿ ಹಿಂಭಾಗ ಇವೆರಡನ್ನು ದಯವಿಟ್ಟು ಪ್ರಕಟಣೆಯಿಂದ ತೆಗೆಸಬೇಕು ಎಂದು ಬೇಡಿಕೊಂಡರು. ಮೇಡಂ ಗಾಬರಿಯಾದರು.

'ಏನ್ ಹೇಳ್ತಿದೀರಿ ನೀವು? ಎರಡು ತಿಂಗಳಿಂದ ನಮ್ಮ ದೂರು ಪೆಟ್ಟಿಗೆಗೆ ಒಂದೇ ಒಂದು ದೂರು ಬಂದಿಲ್ಲ. ದೂರುಗಳ ಸಂಖ್ಯೆ ಶೂನ್ಯ ಅಂತ ಜಿಲ್ಲೆಗೆ ವರದಿ ಕಳಿಸಿದೀನಿ. ಬೇರೆ ಪುರಸಭೆಯವರು ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳ್ತಿದಾರೆ.'

'ಮಗಳ ಬಾಣಂತನ, ಮೇಡಮ್ಮೋರೆ.'

'ಅದು ನಂಗೂ ಅರ್ಥ ಆಗುತ್ತೆ. ಆದ್ರೆ ಪ್ರಕಟಣೆ ಈಗಿರೋ ಹಾಗೇ ಸಾಮಾನ್ಯ ಸಭೇಲಿ ಪಾಸಾಗಿದೆ. ತೆಗೀಬೇಕು ಅಂದ್ರೂ ಸಭೇಲೇ ಆಗಬೇಕು. ಮುಂದಿನ ತಿಂಗಳು ನೋಡೋಣ.'

ಮುಂದಿನ ತಿಂಗಳಿಗೂ ಮುಂದಿನ ಬುಧವಾರಕ್ಕೂ ಬಹಳ ಅಂತರವಿತ್ತು. ಚಲುವಯ್ಯನವರು ಅಪ್ಪುವಿನ ಅಂಗಡಿಯಿಂದ ಕೈಮೈಕು ತಂದು, ಮಂಗಳವಾರ ಬೆಳಿಗ್ಗೆ ಕಸದ ಆಟೋದ ಮುಂದಿನ ಸೀಟಿನಲ್ಲಿ ತಾವೇ ಕೂತರು. ಮೇಲಿನ ಸ್ಪೀಕರಿನಿಂದ ಚಲುವಯ್ಯನವರು, 'ಯಾವುದೇ ದೂರುಗಳಿದ್ದಲ್ಲಿ ಸಂಪರ್ಕಿಸಿ, ಚಲುವಯ್ಯ' ಎಂದು ಕೂಗಿದರು. ಕೆಳಗಿನ ಸೀಟಿನಿಂದ ಚಲುವಯ್ಯನವರು, 'ಯಾರೂ ಸಂಪರ್ಕಿಸಬೇಡಿ, ನಾನು ಏನೂ ಅಲ್ಲ, ಮನೆ ಹತ್ರ ಬರಬೇಡಿ' ಎಂದು ಕೂಗಿದರು. ಇಬ್ಬರ ದನಿಯೂ ಒಂದೇ. ಮೇಲಿನವರು ಉಸಿರು ತೆಗೆದುಕೊಳ್ಳಬೇಕಾಗಿರಲಿಲ್ಲ, ಹಾಗಾಗಿ ಅವರೇ ಗೆದ್ದರು. ಊರಿನವರು ಬಕೆಟ್ಟು ಹಿಡಿದು ಬಾಯಿ ಬಿಟ್ಟುಕೊಂಡು ನಿಂತರು.

'ಕಂಟ್ರೋಲರು ಅವರ ಮೇಲೆ ಅವರೇ ಜಗಳಕ್ಕೆ ಬಿದ್ದವ್ರಲ್ಲೋ!'

'ಇದ್ರಲ್ಲಿ ಯಾವ ಚಲುವಯ್ಯನ ಮಾತು ಕೇಳದು?'

ಇದನ್ನು ಯಾರನ್ನು ಕೇಳುವುದು? ದೂರಿದ್ದರೆ ಚಲುವಯ್ಯನವರನ್ನೇ ಕೇಳಬೇಕು. ಬುಧವಾರ ಬೆಳಿಗ್ಗೆ ದೂರಿದ್ದವರ ಜೊತೆಗೆ, ದೂರು ಕೊಡಬಹುದೋ ಬಾರದೋ ಎಂದು ಕೇಳುವವರೂ ಬಂದರು. ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಬೀದಿಯ ಬಾಯಲ್ಲಿ ಕಸ ಹಾಗೇ ಇತ್ತು. ಮಂಗಳಮ್ಮನ ಬಸ್ಸು ಬರುವುದು ಹತ್ತಕ್ಕೆ. ಹತ್ತು ಹೊಡೆದು ಐದು ನಿಮಿಷವಾದಾಗ ಕುಳ್ಳಮ್ಮ ಬಾಗಿಲಲ್ಲಿ ನಿಂತು, 'ನೀವು ಊರಿಗೆಲ್ಲ ಹೇಳಿದ್ದು ಸಾಕು, ಇವರಿಗೆ ಹೋಗಿ ಅಂತ ಒಂದು ಮಾತು ಹೇಳಿ' ಎಂದರು.

ಹೋಗಿ ಎಂದು ಅವರು ಮಂಗಳವಾರವೆಲ್ಲ ಹೇಳಿದ್ದರು. ಹೋಗಿ ಎಂದರೆ ನಮ್ಮ ಜನ ಹೋಗುವುದಿಲ್ಲ. ಅದು ಚಲುವಯ್ಯನವರಿಗೆ ಆಗ ಹೊಳೆಯಿತು. ಜಗಲಿಯ ಮೇಲಿನ ಬೆಂಚು ಹತ್ತಿದರು. ಗಂಟಲು ಸರಿಮಾಡಿಕೊಂಡರು. ಮೈಕು ಬೇಕಾಗಲಿಲ್ಲ.

'ಪ್ರಯಾಣಿಕರ ಗಮನಕ್ಕೆ! ಪ್ರಯಾಣಿಕರ ಗಮನಕ್ಕೆ! ಇಲ್ಲಿಂದ ಹೊರಡಬೇಕಾಗಿದ್ದ ಎಲ್ಲವೂ ಅಂಕಣ ಬದಲಾವಣೆಯಾಗಿ ಪುರಸಭೆ ಆವರಣ, ಹೊಂಗೆ ಮರದ ಕೆಳಗಿನಿಂದ ಈ ಕೂಡಲೇ ಹೊರಡಲಿವೆ!'

ಅಂಕಣ ಬದಲಾಯಿತು ಎಂದು ಆ ದನಿ ಹೇಳಿದರೆ ನಮ್ಮ ತಾಲ್ಲೂಕಿನಲ್ಲಿ ಯಾರೂ ಯಾಕೆ ಎಂದು ಕೇಳುವುದಿಲ್ಲ, ಓಡುತ್ತಾರೆ. ಮೂವತ್ತೊಂದು ವರ್ಷ ಹಾಗೆ ಓಡಿ ಸೀಟು ಹಿಡಿದವರ ಕಾಲು, ತಲೆಯನ್ನು ಕೇಳಿ ಓಡುವುದಿಲ್ಲ. ಹೊನ್ನಪ್ಪ ಮುಂದೆ, ಎಮ್ಮೆಯವನು ಎಮ್ಮೆಯ ಸಮೇತ ಹಿಂದೆ, ಮರಣ ಪತ್ರದವರು ಎಲ್ಲರಿಗಿಂತ ಚುರುಕಾಗಿ, ಹೆಗಲ ಟವೆಲನ್ನು ಕೈಯಲ್ಲಿ ಹಿಡಿದು ಸೀಟಿಗೆ ಹಾಕಲು ಸಿದ್ಧವಾಗಿ ಎಲ್ಲರೂ ಓಡಿದರು. ಎರಡು ನಿಮಿಷದಲ್ಲಿ ಬೀದಿ ಖಾಲಿಯಾಯಿತು.

ಅದೇ ಹೊತ್ತಿಗೆ ಬೀದಿಯ ಬಾಯಿಗೆ ಬಂದಿದ್ದ ಮಂಗಳಮ್ಮನಿಗೂ ಆ ದನಿ ಕೇಳಿಸಿತು. ಬಿಂಡಿಗನವಿಲೆ ಬಸ್ಸಿಗಾಗಿ ಅದೇ ದನಿ ಕೇಳಿ ಮುದುಕಿಯಾದವರು ಅವರು. ಬ್ಯಾಗು ಎದೆಗೆ ಅವಚಿಕೊಂಡು, ಸೆರಗು ಸಿಕ್ಕಿಸಿ, ಜನರ ಜೊತೆ ಅವರೂ ಓಡಿದರು. ಹೊಂಗೆ ಮರದ ಕೆಳಗೆ ಸಿಮೆಂಟು ಕಟ್ಟೆಯ ಮೇಲೆ ಬ್ಯಾಗಿಟ್ಟು ಜಾಗ ಹಿಡಿದು, ಉಸಿರು ಬಿಟ್ಟ ಮೇಲೆ, ತಾವು ಈಗ ತಾನೇ ಬಸ್ಸಿಳಿದದ್ದು ನೆನಪಾಯಿತು.

ಶೂನ್ಯ ದೂರಿನ ಕಚೇರಿಯ ಅಂಗಳದಲ್ಲಿ ಎಪ್ಪತ್ತು ಜನರ ಗದ್ದಲ ಕೇಳಿ ಪ್ರಮೀಳಾ ಮೇಡಂ ಹೊರಗೆ ಬಂದರು. ಎದುರಿಗೇ ಕೂತಿದ್ದ ಹಿರಿಯ ಹೆಂಗಸನ್ನು, 'ಏನಮ್ಮ ನಿಮ್ಮ ದೂರು?' ಎಂದು ಕೇಳಿದರು.

'ನಮ್ಮ ಬೀಗರ ಬೀದಿ ಬಾಯಲ್ಲಿ ಎದೆಮಟ್ಟ ಕಸ ಅದೆ ಕಣವ್ವ. ಬಸುರಿ ಸೊಸೇನ ಎಂಗೆ ಕಳ್ಸದು ಹೇಳು? ನೀನೂ ಹೆಣ್ಣೆಂಗ್ಸು.'

ಹಿಂದಿನಿಂದ ಎಪ್ಪತ್ತು ಜನ, 'ಔದು ಮೇಡಮ್ಮೋರೆ' ಎಂದರು. ಆ ಕಸದಲ್ಲಿ ತಮ್ಮ ಪಾಲೆಷ್ಟು ಎಂದು ಯಾರೂ ಹೇಳಲಿಲ್ಲ. ಮೇಡಂ ಅಲ್ಲೇ ನಿಂತು ಶಿವಶಂಕರ್‌ಗೆ ಫೋನು ಮಾಡಿದರು. ಬೀದಿ ಖಾಲಿ ಇದ್ದದ್ದರಿಂದ ಆಟೋ ಸಲೀಸಾಗಿ ನುಗ್ಗಿತು. ಎರಡು ಲೋಡು ಕಸ ಎತ್ತಿ, ಬ್ಲೀಚಿಂಗ್ ಪೌಡರು ಚೆಲ್ಲಿದರು. ಮಂಗಳಮ್ಮ ಟೀ ಕುಡಿದು ನಿಧಾನವಾಗಿ ನಡೆದುಬರುವಷ್ಟರಲ್ಲಿ ಕುಳ್ಳಮ್ಮ ಅದೇ ಜಾಗಕ್ಕೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದರು.

'ನೋಡಿ ಬೀಗ್ರೇ,' ಎಂದರು ಮಂಗಳಮ್ಮ ಚಲುವಯ್ಯನವರಿಗೆ, 'ನಾನು ಒಂದೇ ಒಂದು ಮಾತು ಹೇಳ್ದೆ, ಅರ್ಧ ಗಂಟೇಲಿ ಆಗೋಯ್ತು. ಊರಿನ ಕೆಲಸ ಎಲ್ಲ ಮಾಡುಸ್ತೀರಿ ಅಂತಾರೆ, ಇಷ್ಟು ದಿನ ನೀವೇನು ಮಾಡ್ತಾ ಇದ್ರಿ?'

ಚಲುವಯ್ಯನವರು ಬೀಗಿತ್ತಿಯ ಬ್ಯಾಗು ಎತ್ತಿಕೊಂಡು ಒಳಗೆ ನಡೆದರು. ಮುಂದಿನ ಶುಕ್ರವಾರ ಧನುಶ್ರೀ ಬಂದಳು.

ಪುಸ್ತಕವನ್ನು ಅವರು ಪುರಸಭೆಗೇ ಕೊಟ್ಟುಬಿಟ್ಟರು. ಅದು ಈಗ ಹೊಂಗೆ ಮರದ ಕೆಳಗೆ ಒಂದು ಮೇಜಿನ ಮೇಲೆ, ಸರಪಳಿಗೆ ಕಟ್ಟಿಕೊಂಡು ಇದೆ. ಮುಂದಿನ ತಿಂಗಳ ಸಭೆಯಲ್ಲಿ ಪ್ರಕಟಣೆಯಿಂದ ಅವರ ಹೆಸರನ್ನು, ಗುಡಿಯ ಹಿಂಭಾಗವನ್ನು ತೆಗೆಯಲು ತೀರ್ಮಾನವಾಯಿತು. ಫೋನ್ ನಂಬರು ಇನ್ನೂ ಫಿಕ್ಸ್ ಆಗಿಲ್ಲ. ಹಾಗಾಗಿ ಕಸದ ಆಟೋ ಈಗ, 'ಯಾವುದೇ ದೂರುಗಳಿದ್ದಲ್ಲಿ ಸಂಪರ್ಕಿಸಿ' ಎಂದು ಹೇಳಿ ಸುಮ್ಮನಾಗುತ್ತದೆ.

ಧನುಶ್ರೀಗೆ ಹೆಣ್ಣು ಮಗುವಾಯಿತು. ಹಸಿರು ಬಕೆಟ್ಟು, ನೀಲಿ ಬಕೆಟ್ಟು ಹಿಡಿದು ಬೀದಿಯ ಹೆಂಗಸರು ಕಾಯುವ ಹೊತ್ತಿಗೆ, ದಿನಾ ಬೆಳಿಗ್ಗೆ 6.40ಕ್ಕೆ, ತೊಟ್ಟಿಲಿನಲ್ಲಿದ್ದ ಮಗು ಬೀದಿಯಿಂದ ಬರುವ ಅಜ್ಜನ ದನಿ ಕೇಳಿ ಅಳು ನಿಲ್ಲಿಸುವುದನ್ನು ಮನೆಯವರೆಲ್ಲ ಗಮನಿಸಿದ್ದರು. ಚಲುವಯ್ಯನವರು ಮಾತ್ರ ಮಗುವಿನ ಹತ್ತಿರ ಬಾಯಿ ಬಿಡಲು ಹೆದರುತ್ತಿದ್ದರು. ಬಿಟ್ಟರೆ ಬೆಚ್ಚಿಬೀಳುತ್ತದೆ ಎಂದು ಕುಳ್ಳಮ್ಮ ಎಚ್ಚರಿಕೆ ಕೊಟ್ಟಿದ್ದರು.

ಒಂದು ದಿನ ಸಂಜೆ ನಾಲ್ಕು ಗಂಟೆಗೆ ಮಗು ಅಳತೊಡಗಿತು. ಧನುಶ್ರೀ ಎತ್ತಿಕೊಂಡರೂ ನಿಲ್ಲಲಿಲ್ಲ, ಕುಳ್ಳಮ್ಮ ತೊಟ್ಟಿಲು ತೂಗಿ ಹಾಡಿದರೂ ನಿಲ್ಲಲಿಲ್ಲ. ಮಗು ನೋಡಲೆಂದು ಬಂದಿದ್ದ ಮಂಗಳಮ್ಮ ಬಜೆ ತೇಯ್ದು ನೆಕ್ಕಿಸಿದರು, ಅದಕ್ಕೂ ನಿಲ್ಲಲಿಲ್ಲ. ಕೊನೆಗೆ ಚಲುವಯ್ಯನವರು ಮಗುವನ್ನು ಎತ್ತಿಕೊಂಡು ಜಗಲಿಗೆ ಬಂದು, ಬೇರೆ ದಾರಿ ಕಾಣದೆ ಗಂಟಲು ಸರಿಮಾಡಿಕೊಂಡರು.

'ಮಹಾಜನರ ಗಮನಕ್ಕೆ! ಹಸಿ ಕಸ, ಒಣ ಕಸ ಬೇರೆ ಬೇರೆ ಮಾಡಿ ಕೊಡಿ!'

ಮಗು ಅಳು ನಿಲ್ಲಿಸಿತು. ಇನ್ನೆರಡು ಸಲ ಕೂಗುವಷ್ಟರಲ್ಲಿ ಕಣ್ಣು ಮುಚ್ಚಿತು. ಆಗ ಬೀದಿಯ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದವು. ಹದಿನಾಲ್ಕು ಮನೆಯ ಹೆಂಗಸರು ಹಸಿರು ಬಕೆಟ್ಟು, ನೀಲಿ ಬಕೆಟ್ಟು ಹಿಡಿದು ಬಂದು ನಿಂತು ಬೀದಿಯ ಉದ್ದಕ್ಕೂ ನೋಡಿದರು. ಎಲ್ಲಿಯೂ ಆಟೋ ಕಾಣಲಿಲ್ಲ.

'ಯಾಕೆ ಲೇಟು, ಕಂಟ್ರೋಲರೇ?' ಎಂದು ಪುಟ್ಟತಾಯಮ್ಮ ಕೂಗಿದರು.

ಚಲುವಯ್ಯನವರು ತುಟಿಯ ಮೇಲೆ ಬೆರಳಿಟ್ಟುಕೊಂಡರು.

'ಮಗು ಮಲಗ್ಯದೆ ಕಣವ್ವ,' ಎಂದರು, 'ಮೆಲ್ಲಕೆ.'

ಹೆಂಗಸರು ಬಕೆಟ್ಟು ಸದ್ದಾಗದಂತೆ ಎತ್ತಿಕೊಂಡು ಒಳಗೆ ಹೋದರು. ಕುಳ್ಳಮ್ಮ ಬಾಗಿಲಲ್ಲೇ ನಿಂತಿದ್ದರು. ಗಂಡ ಪಿಸುಗುಟ್ಟಿದ್ದನ್ನು ಅವರು ಕೇಳಿದ್ದು ಮದುವೆಯಾದ ಮೇಲೆ ಅದೇ ಮೊದಲು.